ಮಾರ್ಚ್ ಹದಿನಾಲ್ಕರ ಬರಿ ಮಣಿಕಟ್ಟು

ಲ ಲೋಕ್ಲ್,
ಭಾನುವಾರ, ೨ ಫೆಬ್ರವರಿ ೨೦೧೪

ಪ್ರೀತಿಯ ತಮ್ಮ ರೆಮಿಗೆ,

ನಿನ್ನ ಮಂಡಿನೋವು ಹೇಗಿದೆ? ಜಿನೀವಾದ ಸರೋವರದ ಗಾಳಿಗೆ ಅದು ಹೆಚ್ಚಾಗಿದೆ ಎಂದು ನಿನ್ನ ಹೆಂಡತಿ ಸೊಲಾಂಜ್ ಹೇಳುತ್ತಿದ್ದಳು. ನಾನು ಹೆಣೆದು ಕಳಿಸಿದ ಉಣ್ಣೆಯ ಪಟ್ಟಿಯನ್ನು ಸುತ್ತಿಕೊಳ್ಳುತ್ತೀಯೋ, ಇಲ್ಲಾ ನಾಲ್ಕು ಜನ ನೋಡಿಯಾರು ಎಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ನಾನು ಗಟ್ಟಿಯಾಗಿದ್ದೇನೆ. ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ನಿನ್ನ ಭಾವ ಫ್ಲೋರಿಯಾನ್ ಮಾತ್ರ ಹೊಸ ವರ್ಷದಿಂದ ಹಾಸಿಗೆ ಬಿಟ್ಟೆದ್ದಿಲ್ಲ. ಎದೆಯಲ್ಲಿ ಕಫ ಕಟ್ಟಿದೆ, ಎರಡು ಚಮಚ ಸಾರು ಕುಡಿದರೆ ಅದೇ ಊಟ. ನವೆಂಬರಿನ ಆ ಸಮಾರಂಭದ ನಂತರ ನೀನು ಮೂರು ಸಲ ಫೋನು ಮಾಡಿ, "ಭಾವನಿಗೆ ನನ್ನ ಮೇಲೆ ಕೋಪಾನಾ ಅಕ್ಕಾ?" ಎಂದು ಕೇಳಿದೆ. ಮೂರು ಸಲವೂ ನಾನು ಚಳಿಯ ಮಾತಾಡಿ ಇಟ್ಟುಬಿಟ್ಟೆ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ಲಂಗ ಹಿಡಿದುಕೊಂಡು ತಿರುಗುತ್ತಿದ್ದ ಆರು ವರ್ಷದವನೇ ಎದುರಿಗೆ ನಿಲ್ಲುತ್ತಾನೆ, ಬೈಯಲು ಬಾಯಿ ಏಳುವುದಿಲ್ಲ. ಕಾಗದದ ಮೇಲಾದರೆ ಆ ತೊಂದರೆಯಿಲ್ಲ.

ನಿನ್ನ ಭಾವನ ಹುಚ್ಚು ನಿನಗೆ ಗೊತ್ತೇ ಇದೆ. ನಮ್ಮ ಸೆರ್ನೋವ ಗಡಿಯಾರ ಕಾರ್ಖಾನೆ ಮುಚ್ಚಿದ ಮೇಲೆ ಅವರು ಶಾಲೆಯೊಂದರಲ್ಲಿ ನೆಲ ಒರೆಸುವ, ಬೆಂಕಿಗೂಡು ಹೊತ್ತಿಸುವ ಕೆಲಸಕ್ಕೆ ಸೇರಿದರು. ಆಗ ಶುರುವಾದದ್ದು ಈ ಕೈಗಡಿಯಾರಗಳ ಸಂಗ್ರಹ. ಬೆಲೆಬಾಳುವ ವಾಚುಗಳಲ್ಲ. ನಮ್ಮ ಕಣಿವೆಯಲ್ಲಿ ಬಾಗಿಲು ಮುಚ್ಚಿದ ಒಂದೊಂದು ಕಾರ್ಖಾನೆಯದೂ ಒಂದೊಂದು. ಹಳೆ ಸಾಮಾನಿನ ಸಂತೆಯಲ್ಲಿ ಹುಡುಕುವುದು, ಅಡುಗೆಮನೆಯ ಮೇಜಿನ ಮೇಲೆ ಬಿಚ್ಚುವುದು, ತೊಳೆದು ನಡೆಯುವಂತೆ ಮಾಡುವುದು. ನಾನು ಮೂವತ್ತು ವರ್ಷ ಆ ಮೇಜಿನ ಒಂದು ಮೂಲೆಯಲ್ಲೇ ಕ್ಯಾರೆಟ್ ಹೆಚ್ಚಿದ್ದೇನೆ. ಒಮ್ಮೆ ಲೀಕ್ ಸೊಪ್ಪಿನ ಪಲ್ಯದಲ್ಲಿ ಸ್ಪ್ರಿಂಗೊಂದು ನನ್ನ ಹಲ್ಲಿಗೆ ಸಿಕ್ಕಿತು. ಒಂದೊಂದು ವಾಚನ್ನೂ ಆ ಕಾರ್ಖಾನೆ ಮುಚ್ಚಿದ ತಾರೀಖಿನಂದು ಮಾತ್ರ ಕಟ್ಟಿಕೊಳ್ಳುವುದು ಅವರ ನೇಮ. ಒಟ್ಟು ಮೂವತ್ತೊಂದು ವಾಚು, ಮೂವತ್ತೊಂದು ದಿನ. ಕೆಫೆಯೊಳಗೆ ಕಾಲಿಟ್ಟರೆ ಸಾಕು, ಗೆಳೆಯ ಅಲ್ಸೀದ್ ಕೂಗುತ್ತಿದ್ದ: "ಏನಪ್ಪಾ ಫ್ಲೋರಿಯಾನ್, ಇವತ್ತು ಯಾರ ತಿಥಿ?" ಇವರು ತೋಳು ಸರಿಸಿ ತೋರಿಸುವರು. ಆ ಕಾರ್ಖಾನೆಯಲ್ಲಿ ದುಡಿದವರು ಯಾರಾದರೂ ಅಲ್ಲಿದ್ದರೆ ಒಂದು ಗಳಿಗೆ ಲೋಟ ಕೆಳಗಿಡುತ್ತಿದ್ದರು.

ಸೆರ್ನೋವ ಮುಚ್ಚಿದ್ದು ೧೯೮೦ರ ಮಾರ್ಚ್ ಹದಿನಾಲ್ಕಕ್ಕೆ. ಆ ತಾರೀಖಿನಂದು ಮಾತ್ರ ನಿನ್ನ ಭಾವನ ಮಣಿಕಟ್ಟು ಬರಿದು. "ಊರವರ ತಿಥಿಯೆಲ್ಲಾ ಮಾಡ್ತೀಯ, ನಿನ್ನ ಮನೇದೇ ಮರೆತ್ಯಲ್ಲೋ!" ಎಂದು ಅಲ್ಸೀದ್ ಕೆಣಕಿದರೆ ಎದ್ದು ಬಂದುಬಿಡುತ್ತಿದ್ದರು. ಯಾಕೆಂದು ನಮ್ಮಿಬ್ಬರಿಗೂ ಗೊತ್ತು. ನನಗಿಂತ ನಿನಗೆ ಚೆನ್ನಾಗಿ ಗೊತ್ತಿತ್ತು ಎಂಬುದು ನವೆಂಬರಿನವರೆಗೆ ನನಗೆ ತಿಳಿದಿರಲಿಲ್ಲ, ಅಷ್ಟೇ.

ಆ ಕೊನೆಯ ದಿನ ಅವರು ಆಸ್ಪತ್ರೆಯಲ್ಲಿದ್ದರು, ಪಕ್ಕೆಯಲ್ಲಿ ನೀರು ತುಂಬಿಕೊಂಡು. ನೀನು ಕಾರ್ಖಾನೆಯ ಮೇಸ್ತ್ರಿ. ಇಪ್ಪತ್ತು ವರ್ಷ ದಾಟಿದ ಕೆಲಸಗಾರರಿಗೆ ಧಣಿ ಮಸ್ಯೋ ಒಲಿವಿಯೇ ತಮ್ಮ ಕೈಯಾರೆ ಒಂದೊಂದು ವಾಚು ಕೊಟ್ಟರು, ಅದರ ಬೆನ್ನಿನ ಮೇಲೆ ಅವರವರ ಹೆಸರು ಕೆತ್ತಿಸಿ. ಸಂಜೆ ನೀನು ಆಸ್ಪತ್ರೆಗೆ ಬಂದು ಮಂಚದ ತುದಿಯಲ್ಲಿ ಕೂತೆ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ಭಾವ, ಧಣಿ ನಿಮ್ಮ ಹೆಸರೇ ಎತ್ತಲಿಲ್ಲ. ನಾನಾದ್ರೂ ಏನ್ ಮಾಡ್ಲಿ?" ಎಂದೆ. ಇಪ್ಪತ್ತಮೂರು ವರ್ಷ ಆ ಕಾರ್ಖಾನೆಯ ವಾಚುಗಳ ನಡಿಗೆ ತಿದ್ದಿದ್ದ ಮನುಷ್ಯ ಗೋಡೆಯ ಕಡೆ ಮಗ್ಗುಲಾದರು. ಆಮೇಲೆ ಊರಿನ ಇನ್ನೊಂದು ಕಾರ್ಖಾನೆ ಎರಡು ಸಲ ಕರೆ ಕಳಿಸಿತು. ಹೋಗಲಿಲ್ಲ. "ನನ್ನ ಕೈಯಲ್ಲಿ ಏನೋ ಐಬಿರಬೇಕು ಮಾರ್ತ್. ಧಣಿಗೆ ಕಂಡಿದೆ, ಬಾಯ್ಬಿಟ್ಟು ಹೇಳಿಲ್ಲ" ಎಂದು ಪೊರಕೆ ಹಿಡಿದರು. ನಾನು ಆ ಮಾತನ್ನು ನಂಬಲಿಲ್ಲ, ಆದರೆ ಜಗಳವಾಡಿ ಸುಳ್ಳೆಂದು ತೋರಿಸಲೂ ಇಲ್ಲ. ಅದು ನನ್ನ ತಪ್ಪು.

ಈಗ ಯಾರೋ ಹೊರಗಿನವರು ಸೆರ್ನೋವದ ಹೆಸರು ಕೊಂಡು, ಹಳೆ ಕಟ್ಟಡಕ್ಕೆ ಗಾಜಿನ ಬಾಗಿಲು ಹಾಕಿಸಿ ನವೆಂಬರಿನಲ್ಲಿ ನಮ್ಮನ್ನೆಲ್ಲ ಕರೆದರಲ್ಲ. ನಿನ್ನ ಭಾವ ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಮದುವೆಯ ಕೋಟು ಹಾಕಿಕೊಂಡು ಬಂದರು. ನೀನು ವೇದಿಕೆ ಹತ್ತಿ ಚೆನ್ನಾಗಿ ಮಾತಾಡಿದೆ, ಇಲ್ಲವೆನ್ನುವುದಿಲ್ಲ. ಕೊನೆಯ ದಿನ ಧಣಿ ಕಣ್ಣೀರು ಹಾಕಿಕೊಂಡು ನಿನ್ನ ಕೈಗೆ ಕಟ್ಟಿದ ವಾಚು ಇದು ಎಂದು ಬಿಚ್ಚಿ, ಮಖಮಲ್ಲಿನ ತಟ್ಟೆಯಲ್ಲಿಟ್ಟು ಎಲ್ಲರಿಗೂ ತೋರಿಸಲು ಕಳಿಸಿದೆ. ಆಗ ನಿನಗೆ ಮೂವತ್ತೆರಡು ತುಂಬಿತ್ತು, ಕೆಲಸಕ್ಕೆ ಸೇರಿ ಒಂಬತ್ತೇ ವರ್ಷ. ನಿನಗೇಕೆ ಕೊಟ್ಟರು ಎಂದು ನಾನು ಯೋಚಿಸುವಷ್ಟರಲ್ಲಿ ತಟ್ಟೆ ನಮ್ಮ ಸಾಲಿಗೆ ಬಂತು.

ಬೇರೆಯವರು ಡಯಲು ನೋಡಿದರು. ನಿನ್ನ ಭಾವ ಬೆನ್ನು ನೋಡಿದರು. ಹೆಬ್ಬೆರಳಿನಿಂದ ಸವರಿ, ದೀಪಕ್ಕೆ ಓರೆಯಾಗಿ ಹಿಡಿದರು. ಒಂದು ಕಡೆ ಲೋಹ ತೆಳ್ಳಗಾಗುವಷ್ಟು ಉಜ್ಜಿದ್ದೆಯಲ್ಲ, ಅಲ್ಲಿ ಅಕ್ಷರಗಳ ನೆರಳು ಉಳಿದಿತ್ತು. ಪಕ್ಕದಲ್ಲಿದ್ದ ನನಗೂ ಕಂಡಿತು. 'ಫ್ಲೋರಿಯಾನ್'ನ ಹಿಂದಿನ ಅರ್ಧ, ಅದರ ಕೆಳಗೆ 'ಇಪ್ಪತ್ತಮೂರು ವರ್ಷ'. ಅವರು ಅದನ್ನು ನಿಧಾನವಾಗಿ ತಟ್ಟೆಯಲ್ಲಿಟ್ಟು, ನೀನು ನಗುತ್ತಾ ಬಂದಾಗ ಹೇಳಿದ್ದು ಒಂದೇ ಮಾತು: "ಚೆನ್ನಾಗಿ ಉಜ್ಜಿದ್ದೀಯ ರೆಮಿ. ಎಷ್ಟಾದ್ರೂ ನಮ್ಮಲ್ಲಿ ಕಲಿತ ಕೈ." ಸುತ್ತ ಇದ್ದವರು ಹೊಗಳಿಕೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಿನ್ನ ಮುಖ ಸುಣ್ಣದಂತಾದದ್ದನ್ನು ನಾನು ನೋಡಿದೆ. ಆದರೂ ನೀನು ವಾಚನ್ನು ತೆಗೆದು ಮತ್ತೆ ಕೈಗೆ ಕಟ್ಟಿಕೊಂಡೆ. ಅಲ್ಲೇ ತೆಗೆದು ಅವರ ಕೈಗಿಟ್ಟಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ ರೆಮಿ.

ಮನೆಗೆ ಬಂದವರು ಕೋಟು ಕೂಡ ಬಿಚ್ಚದೆ ಕೂತರು. "ಧಣಿ ನನ್ನ ಹೆಸರು ಬರೆಸಿದ್ದ ಮಾರ್ತ್" ಎಂದರು. ಸಂತೋಷವೋ ಸಂಕಟವೋ ನನಗೆ ಗೊತ್ತಾಗಲಿಲ್ಲ. ಆಮೇಲೆ, "ಆ ಇನ್ನೊಂದು ಕಾರ್ಖಾನೆಯವರು ಕರೆದಾಗ ಹೋಗಬಹುದಿತ್ತು, ಅಲ್ವಾ?" ಎಂದು ಕೇಳಿದರು. ಮೂವತ್ತಮೂರು ವರ್ಷ ಆಗಿತ್ತು.

ಮರುದಿನದಿಂದ ವಾಚುಗಳನ್ನು ಹಂಚಲು ಹೊರಟರು. "ಇವು ಆ ಕಾರ್ಖಾನೆಗಳಲ್ಲಿ ದುಡಿದವರ ಮನೆ ಸೇರಬೇಕಾದವು, ನಾನ್ಯಾಕೆ ಇಟ್ಕೊಂಡಿದ್ದೆ?" ಎಂದರು. ಕರವಸ್ತ್ರದಲ್ಲಿ ಸುತ್ತಿ ವಾರಕ್ಕೆ ನಾಲ್ಕೈದು ಮನೆ, ಹಿಮದಲ್ಲಿ ನಡೆದುಕೊಂಡು. ಬಸ್ಸಿನಲ್ಲಿ ಹೋಗಿ ಎಂದರೆ ಕೇಳಬೇಕಲ್ಲ. ವಿಧವೆ ಉಗೆಟ್ ಮನೆಗೆ ನಾನೂ ಹೋಗಿದ್ದೆ. "ಇದನ್ನ ಜೋಡಿಸಿದ ಕೈಯೇ ಮಣ್ಣಾಗಿ ಹೋಯ್ತು, ಈಗ ನಂಗ್ಯಾಕಪ್ಪಾ?" ಎಂದು ಗೊಣಗಿದವಳು, ನಾವು ಕಾಫಿ ಮುಗಿಸುವಷ್ಟರಲ್ಲಿ ಸ್ವೆಟರಿನ ತೋಳಿನ ಮೇಲೇ ಕಟ್ಟಿಕೊಂಡು ಕಿವಿಗೆ ಹಿಡಿದಿದ್ದಳು. ಡಿಸೆಂಬರ್ ಮುಗಿಯುವುದರೊಳಗೆ ಮೂವತ್ತೊಂದೂ ಹೋದವು. ಕೊನೆಯ ಮನೆ ಗುಡ್ಡದ ಮೇಲಿತ್ತು. ಒದ್ದೆ ಬೂಟಿನಲ್ಲಿ ಇಳಿದು ಬಂದವರು ಮಲಗಿದರು, ಅದೇ ಈ ಕಾಯಿಲೆ. ನಿನ್ನಿಂದಲೇ ಆಯಿತೆಂದು ಡಾಕ್ಟರರೇನೂ ಹೇಳಿಲ್ಲ. ನಾನು ಹೇಳುತ್ತಿದ್ದೇನೆ.

ನೀನೇಕೆ ಹಾಗೆ ಮಾಡಿದೆ ಎಂದು ಬಹಳ ಯೋಚಿಸಿದೆ. ಭಾವನಿಗೆ ಮುಟ್ಟಿಸು ಎಂದು ಧಣಿ ನಿನ್ನ ಕೈಗೆ ಕೊಟ್ಟಾಗ ಆಸೆಯಾಗಿರಬೇಕು. ಆ ಸುಳ್ಳು ಹೇಳಿದ ಮೇಲೂ ಕೊಡೋಣ ಎಂದುಕೊಂಡೇ ಒಂದು ವಾರ ಜೇಬಿನಲ್ಲಿಟ್ಟುಕೊಂಡಿದ್ದು, ಆಮೇಲೆ ಕೊಡಲು ನಾಚಿಕೆಯಾಗಿರಬೇಕು. ನೋಡು, ಈಗಲೂ ನಿನ್ನ ಪರವಾಗಿ ನಾನೇ ನೆಪ ಹುಡುಕುತ್ತಿದ್ದೇನೆ. ಅಮ್ಮ ನನಗೆ ಕಲಿಸಿಹೋದ ಕೆಟ್ಟ ಚಾಳಿ ಇದು.

ಸೊಲಾಂಜ್‌ಗೆ ನನ್ನ ಪ್ರೀತಿ ತಿಳಿಸು, ಅವಳ ತಪ್ಪೇನಿದೆ ಇದರಲ್ಲಿ. ನಿನ್ನ ಮಂಡಿ ವಾಸಿಯಾಗಲಿ. ಇದನ್ನು ಬಾಯುಪಚಾರಕ್ಕೆ ಬರೆದಿಲ್ಲ.

ನಿನ್ನ ಅಕ್ಕ,
ಮಾರ್ತ್

ಮರೆತ ಮಾತು, ೨೦ ಫೆಬ್ರವರಿ: ಪತ್ರ ಬರೆದಿಟ್ಟು ಅಂಚೆಗೆ ಹಾಕಿರಲಿಲ್ಲ. ನಿನ್ನ ಭಾವ ಹನ್ನೊಂದನೇ ತಾರೀಖು ಬೆಳಿಗ್ಗೆ ತೀರಿಕೊಂಡರು. ಶುಕ್ರವಾರ ಮಣ್ಣು ಮಾಡಿದೆವು. ತೀರಿಕೊಳ್ಳುವ ಎರಡು ದಿನ ಮೊದಲು, ಭಾನುವಾರ, "ರೆಮೀನ ಕರೆಸು, ಅವನ ಹತ್ರ ಮಾತಾಡಬೇಕು" ಎಂದರು. ಕರೆಸುತ್ತೇನೆ ಎಂದೆ, ಕರೆಸಲಿಲ್ಲ. ನಿನ್ನನ್ನು ಬೈದಾರು ಎಂದಲ್ಲ, ಕ್ಷಮಿಸಿಬಿಟ್ಟಾರು ಎಂದು. ಸೋಮವಾರ ಎರಡು ಸಲ ಬಾಗಿಲ ಕಡೆ ನೋಡಿ ಕೇಳಿದರು. ಹಿಮ ಬಿದ್ದು ರೈಲು ನಿಂತಿದೆ ಎಂದೆ. ರೈಲು ಓಡುತ್ತಿತ್ತು.