ಕೋಡಿಕುರ್ವೆಗೆ ದೋಣಿಯಿಲ್ಲ

ಕೋಡಿಕುರ್ವೆ, ಕುಮಟಾ ತಾಲೂಕು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ತಂಗಿ ಗೀತಾಂಜಲಿಗೆ,

ಹೇಗಿದ್ದೀಯೆ? ಕಲಬುರಗಿಯ ಸೆಕೆಗೆ ಕತ್ತಿನ ಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಆಸ್ಪತ್ರೆಗೆ ಬಂದವರನ್ನೆಲ್ಲ ಉಂಡಿರಾ ಎಂದು ಕೇಳುವ ನರ್ಸಮ್ಮ ನೀನು, ನಿನ್ನ ಊಟ ಮಾತ್ರ ಮರೆಯುತ್ತೀ. ಒಣಸಿಗಡಿ ಚಟ್ನಿ ಮಾಡಿಟ್ಟಿದ್ದೇನೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ನಿನ್ನ ಭಾವನಿಗೆ ಸೊಂಟನೋವು ಬಿಟ್ಟಿಲ್ಲ. ನೀರಿನಲ್ಲಿ ಬಗ್ಗಿ ಬಳಚಿನ ಚಿಪ್ಪು ಹೆಕ್ಕುವುದನ್ನು ಅವರೂ ಬಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ ನೀನು ಪಕ್ಕದ ಮನೆ ಚೌಡಮ್ಮನ ಸೊಸೆ ಲಕ್ಕಿಯ ವಿಚಾರ ಕೇಳಿದಾಗ "ಆಮೇಲೆ ಹೇಳ್ತೆ" ಎಂದು ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕುರ್ವೆಯನ್ನು ಆಚೆ ದಡದ ಹೊಸ ಪಟ್ಟಣ ಪಂಚಾಯತಿಗೆ ಸೇರಿಸಿದ ದಿನ ನೀನೂ ಇಲ್ಲೇ ಇದ್ದೆಯಲ್ಲ. ಎಷ್ಟು ಪಟಾಕಿ ಹೊಡೆದರು! ನಾಲ್ಕೂ ಸುತ್ತ ನದಿ, ನಡುವೆ ಒಂದಿಷ್ಟು ಮನೆ, ಉಪ್ಪುನೀರಿನ ಗಜನಿ ಗದ್ದೆ, ಅಷ್ಟಿರುವ ನಾವು ಪಟ್ಟಣದವರಾದೆವು ಎಂದು ಚೌಡಮ್ಮ ಮನೆಮನೆಗೆ ಬೆಲ್ಲ ಹಂಚಿದಳು. ಗ್ರಾಮ ಪಂಚಾಯತಿಯಲ್ಲಿ ಈ ಕುರ್ವೆಯ ಮೆಂಬರಾಗಿದ್ದ ನನಗೂ ಖುಷಿಯೇ ಆಗಿತ್ತು. ಬೀದಿದೀಪ ಬಂತು, ಸುಳ್ಳು ಹೇಳಬಾರದು. ಆದರೆ ದೋಣಿ ಹೋಯಿತು. ನಮ್ಮನ್ನು ದಡಕ್ಕೆ ದಾಟಿಸುತ್ತಿದ್ದ ಶ್ರೀಕೃಷ್ಣನ ಮೋಟಾರು ದೋಣಿಗೆ ಸಂಬಳ ಕೊಡುತ್ತಿದ್ದದ್ದು ಗ್ರಾಮ ಪಂಚಾಯತಿ. ಪಟ್ಟಣಕ್ಕೆ ದೋಣಿಯ ಬಾಬತ್ತೇ ಇಲ್ಲವಂತೆ. ಸೇತುವೆ ಮಂಜೂರಾಗಿದೆ, ಇನ್ನು ದೋಣಿ ಏಕೆ ಎಂದರು. ಸೇತುವೆ ಎಂದರೆ ಎರಡು ಕಂಬ. ಅದನ್ನು ನಿಲ್ಲಿಸಲು ಸುರಿದ ಮಣ್ಣು ಹಾಗೇ ಹೊಳೆಯಲ್ಲಿ ದಿಬ್ಬವಾಗಿ ಕೂತಿದೆ, ಕಂತ್ರಾಟುದಾರ ಪತ್ತೆಯಿಲ್ಲ. ಶ್ರೀಕೃಷ್ಣ ದೋಣಿ ಮಾರಿ ಹೊನ್ನಾವರದ ಬಂದರಿಗೆ ಕೆಲಸಕ್ಕೆ ಹೋದ.

ಹೊಸ ಪಂಚಾಯತಿಗೆ ಇನ್ನೂ ಚುನಾವಣೆಯೇ ಆಗಿಲ್ಲ, ನಾನೀಗ ಮೆಂಬರೂ ಅಲ್ಲ. ಆದರೂ ಜನ ನಮ್ಮ ಜಗಲಿಗೇ ಬರುತ್ತಾರೆ. ನಾನು ಹೋಗದ ಕಚೇರಿ ಉಳಿಯಲಿಲ್ಲ, ಗೀತಾ. ಪಟ್ಟಣದವರು ತಾಲೂಕು ಕಚೇರಿಗೆ ಹೋಗಿ ಎಂದರು, ತಾಲೂಕಿನವರು ಬಂದರು ಇಲಾಖೆಗೆ, ಅವರು ಮತ್ತೆ ಪಟ್ಟಣಕ್ಕೆ. ಅಲ್ಲಿಯ ಅಧಿಕಾರಿ ಕೆಟ್ಟವರಲ್ಲ, ಕುರ್ಚಿ ಕೊಟ್ಟು ಚಹಾ ತರಿಸಿದರು. "ಅಕ್ಕಾ, ನನ್ನ ಕೈಯಲ್ಲಿ ಏನಿದೆ ಹೇಳಿ? ಸೇತುವೆ ಆಗುವ ತನಕ ಹೇಗಾದರೂ ಸುಧಾರಿಸಿಕೊಳ್ಳಿ" ಎಂದರು. ಸುಧಾರಿಸಿಕೊಂಡೆವು.

ಲಕ್ಕಿಗೆ ದಿನ ತುಂಬಲು ಇನ್ನೂ ಸಮಯವಿತ್ತು. ಚೌತಿಗೆ ಮುಂಚೆ ಸೊಸೆಯನ್ನು ಆಚೆ ದಡದ ನಂಟರ ಮನೆಯಲ್ಲಿ ಬಿಡುವುದೆಂದು ಚೌಡಮ್ಮ ಹೇಳುತ್ತಿದ್ದಳು. ಅಷ್ಟರಲ್ಲಿ ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ನೋವು ಶುರುವಾಯಿತು. ಗಂಡ ಗೋವೆಯಲ್ಲಿ ಬೋಟಿನ ಮೇಲೆ. ಆಂಬುಲೆನ್ಸು ಆಚೆ ದಡಕ್ಕೆ ಬಂದು ನಿಂತಿತು, ನಮ್ಮ ಅಂಗಳದಿಂದಲೇ ಕಾಣುತ್ತಿತ್ತು. ನಿನ್ನ ಭಾವ ಬಳಚು ತರುವ ಸಣ್ಣ ದೋಣಿಯಲ್ಲಿ ಚಾಪೆ ಹಾಸಿದರು. ನೀರು ಇಳಿಯುತ್ತಿತ್ತು. ಬೇಗ ಹೊರಟರೆ ದಾಟಬಹುದು ಎಂದು ಅವರು, ಚೌಡಮ್ಮ, ನಾನು, ಲಕ್ಕಿಯನ್ನು ಮಲಗಿಸಿಕೊಂಡು ಹೊರಟೆವು. ಕಂಬದ ಹತ್ತಿರ ಬರುವಾಗ ದೋಣಿಯ ತಳ ಆ ಮಣ್ಣಿನ ದಿಬ್ಬಕ್ಕೆ ತಾಗಿ ಕೂತಿತು. ಭಾವ ಇಳಿದು ತಳ್ಳಿದರು, ತೊಡೆಯವರೆಗೆ ಕೆಸರಲ್ಲಿ ಹೂತರು. ಆಚೆಯಿಂದ ಆಂಬುಲೆನ್ಸಿನ ಹುಡುಗರೂ ಇಳಿದರು, ಎದೆಮಟ್ಟ ಹೂಳಿಗೆ ಹೆದರಿ ಹಿಂದೆ ಹೋದರು. ಅವರನ್ನು ನಾನು ಬೈಯುವುದಿಲ್ಲ. ನೀರು ಸುತ್ತಲೂ ಇಳಿದು ನಾವು ಹೊಳೆಯ ನಡುವೆ ಕೆಸರಿನಲ್ಲಿ ಉಳಿದೆವು. ನೆತ್ತಿ ಸುಡುವ ಬಿಸಿಲು. ನಾನು ಸೆರಗು ಹಿಡಿದು ನೆರಳು ಮಾಡಿದೆ. ಲಕ್ಕಿ ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ: "ಭಾರತಕ್ಕಾ, ನೀರು ತಿರುಗಿ ಯಾವಾಗ ಬತ್ತದೆ?" ಈಗ ಬತ್ತದೆ, ಈಗ ಬತ್ತದೆ ಎನ್ನುತ್ತಾ ಇದ್ದೆ. ಬೇರೆ ಎಂತ ಹೇಳಲಿ?

ಮಗು ಅಲ್ಲೇ ಹುಟ್ಟಿತು. ಹೆಣ್ಣು. ಅತ್ತಿತು, ಗೀತಾ. ಸತ್ತೇ ಹುಟ್ಟಿತು ಎಂದು ಕಚೇರಿಯವರು ಬರೆದುಕೊಂಡು ಹೋಗಿದ್ದಾರೆ, ಆದರೆ ನಾನು ಕೇಳಿದ್ದೇನೆ, ಚೌಡಮ್ಮ ಕೇಳಿದ್ದಾಳೆ. ಸಣ್ಣಗೆ ಅತ್ತಿತು, ಆಮೇಲೆ ಉಸಿರು ಎಳೆಯಲು ಒದ್ದಾಡಿತು. ನೀನು ಫೋನಿನಲ್ಲಿ ಒಮ್ಮೆ ಹೇಳಿಕೊಟ್ಟ ಹಾಗೆ ಬೆನ್ನು ಉಜ್ಜಿದೆ, ಬಾಯಿ ಒರೆಸಿದೆ, ಎದೆಗೆ ಒತ್ತಿ ಹಿಡಿದೆ. ಭರತದ ನೀರು ಏರಿ ದೋಣಿ ತೇಲುವ ಹೊತ್ತಿಗೆ ಅದು ತಣ್ಣಗಾಗಿತ್ತು. ಲಕ್ಕಿ ಉಳಿದಳು. ಆಂಬುಲೆನ್ಸಿಗೆ ಹತ್ತಿಸುವಾಗ "ನನ್ನ ಕೂಸು ಕೊಡ್ರೇ" ಎಂದು ಕೈ ಚಾಚಿದಳು. ಚೌಡಮ್ಮ ಸೀರೆಯಲ್ಲಿ ಸುತ್ತಿದ್ದನ್ನು ಹಾಗೇ ಮಡಿಲಿಗಿಟ್ಟಳು.

ಆಮೇಲೆ ಅಧಿಕಾರಿಗಳು, ಮುಖಂಡರು ಎಲ್ಲರೂ ಬಂದರು. ಯಾರದ್ದೋ ದೊಡ್ಡ ಬೋಟು ಮಾಡಿಕೊಂಡು ಬಂದು, ಕಂಬದ ಎದುರು ನಿಂತು ಫೋಟೋ ತೆಗೆಸಿಕೊಂಡರು. ಬಸುರಿಯರು ಒಂದು ತಿಂಗಳು ಮೊದಲೇ ದಡಕ್ಕೆ ಹೋಗತಕ್ಕದ್ದು ಎಂದು ಶಾಲೆಯ ಗೋಡೆಗೆ ಬೋರ್ಡು ಹಾಕಿದರು. ಆ ಶಾಲೆಯೂ ಮುಚ್ಚಿತು. ಟೀಚರಿಗೆ ಬರಲು ದೋಣಿಯಿಲ್ಲ. ಲಕ್ಕಿಯ ಗಂಡ ಬಂದು ಹೆಂಡತಿಯನ್ನೂ ತಾಯಿಯನ್ನೂ ಕುಮಟೆಯ ಬಾಡಿಗೆ ಮನೆಗೆ ಕರೆದುಕೊಂಡು ಹೋದ. ಹೋಗುವಾಗ ಚೌಡಮ್ಮ ನಮ್ಮ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಪಟ್ಟಣವಾದರೆ ಒಳ್ಳೆಯದಾಗುತ್ತದೆ ಎಂದು ಸಭೆಯಲ್ಲಿ ಮೊದಲು ಕೈ ಎತ್ತಿದವಳು ನಾನಲ್ಲವೇ. ನಮ್ಮ ಈ ಕಡೆಯ ಮನೆಸಾಲಿನಲ್ಲಿ ಈಗ ದೀಪ ಹಚ್ಚುವವರು ನಾವೊಬ್ಬರೇ. ಬೀದಿದೀಪ ಮಾತ್ರ ಹಗಲೂ ಉರಿಯುತ್ತದೆ, ಆರಿಸಲು ಯಾರೂ ಬರುವುದಿಲ್ಲ.

ಅತ್ತು ಕೂರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಭಾವ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು. ದೇವರು ನಿನ್ನನ್ನಾದರೂ ಚೆನ್ನಾಗಿಡಲಿ.

ನಿನ್ನ ಅಕ್ಕ,
ಭಾರತಿ

ವಿ.ಸೂ.: ಆಶಾ ಕಾರ್ಯಕರ್ತೆ ಹೇಮಾ ಈಗಷ್ಟೇ ಹೇಳಿದಳು, ನೀನು ಇಲ್ಲಿಗೇ ವರ್ಗ ಕೇಳಿ ಅರ್ಜಿ ಹಾಕಿದ್ದೀಯಂತೆ. ವಾಪಸ್ ತೆಗೆದುಕೋ. ಆರೋಗ್ಯ ಕೇಂದ್ರ ಇರುವುದು ಆಚೆ ದಡದಲ್ಲಿ, ನೀನೂ ಅಲ್ಲಿ ನಿಂತು ನೋಡಬೇಕಾಗುತ್ತದೆ. ನಾವೂ ಬರುವ ವಾರ ಮನೆ ಬಿಡುತ್ತೇವೆ. ಭಾವನಿಗೆ ಭಟ್ಕಳದಲ್ಲಿ ಕೆಲಸ ಸಿಕ್ಕಿದೆ. ನೀನು ಬಂದರೆ ಇಲ್ಲಿ ಯಾರೂ ಇರುವುದಿಲ್ಲ.