ಸುಳಿವು ಕೊಡಬಾರದ ಪರೀಕ್ಷೆ

ಕ್ರಿ.ಶ. 2419, ಎರಡನೆಯ ವೈಶಾಖ, ಮೂವತ್ತೊಂಬತ್ತನೆಯ ದಿನ
ಕೆಳಪೇಟೆ, ಕೋಲಾರ

ನಮಗಿಂತ ಮೊದಲು ಬಾಳುತ್ತಿರುವವರಿಗೆ,

ದಿನಾಂಕ ನೋಡಿ ನಗಬೇಡಿ. ನಮ್ಮ ಬೇಸಿಗೆ ಒಂದು ವೈಶಾಖದಲ್ಲಿ ಮುಗಿಯುವುದಿಲ್ಲ, ಅದಕ್ಕೇ ಎರಡು ಇಟ್ಟುಕೊಂಡು, ಒಂದೊಂದನ್ನೂ ನಲವತ್ತು ದಿನಕ್ಕೆ ಎಳೆದಿದ್ದೇವೆ. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ಸುಭಾಗಿ. ಹಳೆಯ ಚಿನ್ನದ ಗಣಿಯ ಸುರಂಗಗಳೇ ನಮ್ಮ ಊರು. ಹಗಲೆಲ್ಲ ನೆಲದಡಿ ಇರುತ್ತೇವೆ, ಹೊತ್ತು ಇಳಿದ ಮೇಲೆ ಮೇಲಕ್ಕೆ ಹೋಗುತ್ತೇವೆ. ಬಟ್ಟೆ ಒಣಹಾಕುವುದು, ಮದುವೆ ಮಾಡುವುದು ಎಲ್ಲ ಅಲ್ಲೇ. ಜಗಳವನ್ನೂ ಅಲ್ಲಿಗೇ ಉಳಿಸಿಕೊಳ್ಳುತ್ತೇವೆ, ಏಕೆಂದರೆ ಸುರಂಗದಲ್ಲಿ ದನಿ ಎತ್ತಿದರೆ ಇಡೀ ಪೇಟೆಗೆ ಕೇಳುತ್ತದೆ.

ಬಿಸಿಲಿಗೆ ಸಿಕ್ಕವರಿಗೆ ಒಂದು ಜ್ವರ ಬರುತ್ತದೆ. ಜ್ವರ ಬಿಟ್ಟ ಮೇಲೆ ನೆನಪು ಹೋಗುತ್ತದೆ. ನಾವದನ್ನು ಬಿಳಿಮರೆವು ಎನ್ನುತ್ತೇವೆ. ನನ್ನ ಅಕ್ಕ ಮುನಿರತ್ನಮ್ಮನಿಗೂ ಅವಳ ಮಗ ಚೆಲುವನಿಗೂ ಒಟ್ಟಿಗೇ ಆ ಜ್ವರ ಬಂತು. ಮಗ ಉಳಿಯಲಿಲ್ಲ. ಅಕ್ಕ ಉಳಿದಳು, ಆದರೆ ತನಗೊಬ್ಬ ಮಗನಿದ್ದ ಎಂಬುದನ್ನೇ ಮರೆತಳು. ನನ್ನನ್ನು ಕಂಡರೂ ನೆಂಟರ ಮನೆಗೆ ಬಂದವಳ ಹಾಗೆ ನಗುತ್ತಿದ್ದಳು.

ನೀವು ತಂಬುಳಿ ಮಾಡಿ ಉಣ್ಣುವ ಒಂದೆಲಗ ನಮ್ಮ ನೀರು ಜಿನುಗುವ ಗೋಡೆಗಳ ಮೇಲೆ, ದೀಪದ ಬೆಳಕಿನಲ್ಲೇ ಹಬ್ಬಿದೆ. ಅದರ ಸತ್ವವನ್ನು ಬೇರ್ಪಡಿಸಿ ಮರೆವಿನವರಿಗೆ ಕುಡಿಸಿ ನೋಡುವ ಪರೀಕ್ಷೆ ಶುರುವಾಯಿತು. ಅಕ್ಕನನ್ನೂ ಸೇರಿಸಿಕೊಂಡರು, ದಿನವೂ ಬಟ್ಟಲು ಕೊಡುವ ಕೆಲಸ ನನಗೆ ಬಂತು. ಅರ್ಧ ಜನರಿಗೆ ಸತ್ವ, ಉಳಿದವರಿಗೆ ಅದೇ ಬಣ್ಣದ, ಅದೇ ಒಗರಿನ ಬರೀ ನೀರು. ಬಟ್ಟಲು ಕೊಡುವ ನನಗೂ ಯಾವುದು ಯಾವುದೆಂದು ತಿಳಿದಿರಲಿಲ್ಲ. ಇನ್ನೊಂದು ನಿಯಮವಿತ್ತು. ರೋಗಿ ಎಷ್ಟೇ ತಡಕಾಡಿದರೂ ನಾವು ಸುಳಿವು ಕೊಡಬಾರದು, ನೆನಪು ತಾನಾಗಿಯೇ ಬರಬೇಕು.

ಒಂದು ಬೆಳಿಗ್ಗೆ ಅಕ್ಕ ಬಟ್ಟಲು ಕೆಳಗಿಟ್ಟು ನನ್ನನ್ನು ದಿಟ್ಟಿಸಿದಳು. "ಸುಭಾಗಿ, ಯಾಕೆ ಇಂಗ್ ಸೊರಗೋಗಿದ್ದೀಯ?" ಎಂದಳು. ಮಗುವಿನ ಅಂಗೈಯಷ್ಟೂ ಇಲ್ಲದ ಒಂದು ಎಲೆ ನನ್ನ ಹೆಸರನ್ನು ಅಕ್ಕನ ಬಾಯಿಗೆ ತಂದುಕೊಟ್ಟಿತ್ತು! ಅವಳನ್ನು ತಬ್ಬಿಕೊಳ್ಳಬೇಕು ಎನ್ನುವಷ್ಟರಲ್ಲಿ ಅವಳು ಬಾಗಿಲ ಕಡೆ ತಿರುಗಿದಳು. "ಚೆಲ್ವ ಎಲ್ಲೇ? ಉಂಡವ್ನಾ?"

ನಾನು ಬಾಯಿ ತೆರೆಯುವಂತಿರಲಿಲ್ಲ. ಅಕ್ಕ ನನ್ನ ಮುಖ ನೋಡಿದಳು, ಮೂಲೆಯಲ್ಲಿ ಸುತ್ತಿಟ್ಟ ಸಣ್ಣ ಚಾಪೆ ನೋಡಿದಳು. ಯಾರೂ ಹೇಳದೆ, ತಡಕಾಡುತ್ತ, ಮಗ ಇನ್ನಿಲ್ಲ ಎಂಬಲ್ಲಿಗೆ ತಾನೇ ತಲುಪಿದಳು. ಆಗ ಅವಳು ಕೂಗಿದ್ದು ಇಡೀ ಪೇಟೆಗೆ ಕೇಳಿತು.

ಅವಳದು ಸತ್ವದ ಬಟ್ಟಲೆಂದು ಅಂದೇ ಸಂಜೆ ತಿಳಿಯಿತು. ಕುಡಿಯುವುದನ್ನು ಬಿಟ್ಟರೆ ನೆನಪು ಮತ್ತೆ ಮಾಸುತ್ತದೆ. ಮಾಸಲಿ ಎಂದುಕೊಂಡು ಮಾರನೆಯ ದಿನ ನಾನು ಬಟ್ಟಲು ಒಯ್ಯಲಿಲ್ಲ. ಅಕ್ಕನೇ ಹುಡುಕಿಕೊಂಡು ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. "ಕೊಡೇ. ನಾನೂ ಮರೆತ್ರೆ ಅವ್ನು ಇನ್ನೆಲ್ಲಿರ್ತಾನೆ?" ಎಂದವಳೇ ನನ್ನ ಬಳಿಯಿದ್ದ ಬಟ್ಟಲನ್ನು ಕಸಿದುಕೊಂಡು ಕಡೆಯ ಹನಿಯವರೆಗೂ ಕುಡಿದಳು. ಎಲೆಯ ಶಕ್ತಿಗೆ ಬೆರಗಾಗಿದ್ದ ನಾನು ಈಗ ಅಕ್ಕನಿಗೇ ಬೆರಗಾಗಿ, ಖಾಲಿ ಬಟ್ಟಲನ್ನು ತೊಳೆದಿಟ್ಟೆ.

ನಿಮ್ಮಲ್ಲೂ ಯಾರಾದರೂ ಇಂಥ ಪರೀಕ್ಷೆ ನಡೆಸುತ್ತಿರಬಹುದು. ನನ್ನದು ಒಂದೇ ಕೋರಿಕೆ. ಬಟ್ಟಲು ಕೊಡುವವರು ಯಾರೆಂದು ಗೊತ್ತುಮಾಡುವ ಮೊದಲು, ಆಮೇಲೆ ಪಕ್ಕದಲ್ಲಿ ಕೂರುವವರು ಯಾರೆಂದು ಗೊತ್ತುಮಾಡಿ. ಇಲ್ಲಿ ನಾನು ಕೂತಿದ್ದೇನೆ. ಚೆಲುವನ ಕಥೆಯನ್ನು ಅವನು ಹುಟ್ಟಿದ ದಿನದಿಂದ ಹಿಡಿದು ಅಕ್ಕ ಹೇಳಲು ಶುರುಮಾಡಿದ್ದಾಳೆ. ಕೇಳಬೇಕು, ಬರೆಯುವುದನ್ನು ನಿಲ್ಲಿಸುತ್ತೇನೆ.

ಸುಭಾಗಿ