ಇಪ್ಪತ್ತು ನಿಮಿಷದ ಟ್ರ್ಯಾಕ್ಟರು

ಜುಲೈ 8, ಸೋಮವಾರ. ಸಂಜೆ 6

ಕೋಳಿಗಳಿಗೆ ಕಾಳು ಹಾಕಿ, ಒಂಬತ್ತಕ್ಕೆ ಟ್ರ್ಯಾಕ್ಟರು ಹೊರಡಿಸಿದೆ. ಇಪ್ಪತ್ತು ನಿಮಿಷ ಸೊಗಸಾಗಿ ಓಡಿತು. ಸೇತುವೆಯ ಬಳಿ ಎರಡು ಬಾರಿ ಕೆಮ್ಮಿ ನಿಂತಿತು. ಪೆಟ್ರೋಲು ಮುಗಿಯಿತೇನೋ ಎಂದು ತೊಟ್ಟಿಯ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದೆ — ಅರ್ಧಕ್ಕೂ ಹೆಚ್ಚಿದೆ. ಇಂಜಿನು ತಣ್ಣಗಾಗಲೆಂದು ಹತ್ತು ನಿಮಿಷ ಕಾದೆ. ಹೊರಟಿತು. ಮನೆ ಮುಟ್ಟುವ ಮೊದಲೇ ಮತ್ತೆ ನಿಂತಿತು. ಒಂದು ತಿಂಗಳಿಂದ ಇದೇ ಪಾಡು. ಬಿಸಿಯೇರಿದರೆ ಸಾಕು...

ಚಳಿಗಾಲದ ಉರುವಲೆಲ್ಲ ಇನ್ನೂ ಜೌಗುನೆಲದಲ್ಲಿಯೇ ಇದೆ. ಒಲೆಗೆ ಉರಿಸಲು ಜೌಗಿನಿಂದ ಕೊಯ್ದ ಮಣ್ಣಿನ ಇಟ್ಟಿಗೆಗಳು ಚೆನ್ನಾಗಿ ಒಣಗಿವೆ. ಭಾನುವಾರ ಮಳೆಯೆಂದು ರೇಡಿಯೋ ಹೇಳುತ್ತಿದೆ.

ಜುಲೈ 9

ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಫಲವಿಲ್ಲ. ದಾರಿಯಲ್ಲಿ ಹಾದುಹೋಗುವವರೆಲ್ಲರೂ ವೈದ್ಯರೇ. ಪಕ್ಕದ ಮನೆಯ ಕೋಲ್ಮನ್ ಸೈಕಲ್ಲಿನಿಂದ ಇಳಿಯದೆಯೇ ರೋಗನಿರ್ಣಯ ಮಾಡಿದ.

"ಕಾಯಿಲ್ ಬಿಸಿಯಾಗಿ ಕೈಕೊಡ್ತಿದೆ ಕಣೋ ಜಾರ್ಲತ್. ನಮ್ಮಪ್ಪಂದೂ ಹಿಂಗೇ ನಿಲ್ತಿತ್ತು."

"ನಿಮ್ಮಪ್ಪನ ಹತ್ರ ಟ್ರ್ಯಾಕ್ಟರ್ ಎಲ್ಲಿತ್ತೋ? ಇದ್ದದ್ದು ಕತ್ತೆ."

"ಅದೂ ಬಿಸಿಯಾದ್ರೆ ನಿಲ್ತಿತ್ತು ಮಾರಾಯ."

ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲನ್ನೂ ಹೊಸದು ಹಾಕಿದೆ. ಸೇತುವೆಯ ಬಳಿ ನಿಂತಿತು.

ಜುಲೈ 10

ದುಡುಕಿದೆನೇ? ಹಳೆಯ ಟ್ರ್ಯಾಕ್ಟರುಗಳನ್ನು ಕೂಡಿಡುವ ಫೆಲಿಮ್ ಬಂದಿದ್ದ. ಕರೆಸಿದವಳು ನನ್ನ ಹೆಂಡತಿ ಅಟ್ರಾಕ್ಟಾ.

"ನಿಂಗೂ ವಯಸ್ಸಾಯ್ತು, ಅದಕ್ಕೂ ಆಯ್ತು," ಎಂದಳು. "ಇಬ್ಬರಲ್ಲಿ ಒಬ್ಬರನ್ನ ಕಳಿಸ್ಲೇಬೇಕು. ಫೆಲಿಮ್‌ಗೆ ನೀನು ಬೇಡವಂತೆ."

ಇಬ್ಬರೂ ನಕ್ಕರು. ರೇಗಿತು. ಶನಿವಾರ ಸಂಜೆಯೊಳಗೆ ಉರುವಲಿನ ಮೂರು ಹೇರುಗಳೂ ಈ ಟ್ರ್ಯಾಕ್ಟರಿನಲ್ಲಿಯೇ ಬರುತ್ತವೆ, ದಾರಿಯಲ್ಲಿ ಇಂಜಿನು ಒಮ್ಮೆ ನಿಂತರೂ ಇದು ನಿನ್ನದು ಎಂದುಬಿಟ್ಟೆ. ಫೆಲಿಮ್ ಅಂಗೈಗೆ ಉಗುಳಿ ಕೈ ಚಾಚಿದ. ನಾನೂ ಉಗುಳಿ ಕೈ ಕೊಟ್ಟೆ. ಹಾಗೆ ಕೊಟ್ಟ ಕೈಯನ್ನು ನಮ್ಮ ಕಡೆ ಯಾರೂ ಹಿಂತೆಗೆದುಕೊಂಡದ್ದಿಲ್ಲ.

ಅಪ್ಪನ ಟ್ರ್ಯಾಕ್ಟರು. ಗೇರು ಹಾಕುವುದನ್ನು ಅಪ್ಪ ನನ್ನ ಕೈಯ ಮೇಲೆ ಕೈಯಿಟ್ಟು ಕಲಿಸಿದ್ದು —

ಜುಲೈ 12, ಶುಕ್ರವಾರ. ಮಧ್ಯಾಹ್ನ 3

ನಿನ್ನೆ ಬರೆಯಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದೇ ಆಯಿತು.

ಇಂದು ಸೇತುವೆಯ ಬಳಿ ನಿಂತಾಗ ಏನನ್ನೂ ಮುಟ್ಟಲಿಲ್ಲ. ಬೇಸರದಿಂದ ಊಟಕ್ಕೆ ನಡೆದು ಬಂದೆ. ಎರಡು ಗಂಟೆ ಕಳೆದು ಹೋದೆ. ಇಂಜಿನು ಕಲ್ಲಿನಂತೆ ತಣ್ಣಗಿತ್ತು. ಆದರೂ ಹೊತ್ತಿಕೊಳ್ಳಲಿಲ್ಲ. ಹಾಗಾದರೆ ಬಿಸಿಯದು ತಪ್ಪಲ್ಲ! ಪ್ರತಿ ಸಲ ಮಾಡಿ ಇಂದು ಮಾಡದಿದ್ದುದು ಒಂದೇ — ಮುಚ್ಚಳ ತೆಗೆದು ಕಡ್ಡಿ ಇಳಿಸುವುದು.

ಮುಚ್ಚಳ ತಿರುಗಿಸಿದೆ. ತೊಟ್ಟಿ "ಸ್ಸ್..." ಎಂದು ದೀರ್ಘವಾಗಿ ಗಾಳಿ ಎಳೆದುಕೊಂಡಿತು. ಬಳಿಕ ಇಂಜಿನು ಕೂಡಲೇ ಹೊತ್ತಿಕೊಂಡಿತು.

ಆ ಮುಚ್ಚಳದಲ್ಲಿ ಗಾಳಿಗಾಗಿ ಗುಂಡುಸೂಜಿಯ ತಲೆಯಷ್ಟು ರಂಧ್ರವಿರುತ್ತದೆ. ಗಾಳಿ ಒಳಹೋಗದಿದ್ದರೆ ಪೆಟ್ರೋಲು ಇಂಜಿನಿಗೆ ಇಳಿಯದು. ಹುಡುಕಿದೆ. ಇಲ್ಲ. ಇದ್ದದ್ದು ಬೂದುಬಣ್ಣ, ಎರಡು ಪದರ. ಬಳಿದವನು ನಾನು. ಮನೆಮನೆಗೂ ಸರದಿಯಂತೆ ಬರುವ ಚರ್ಚಿನ ಪ್ರಾರ್ಥನೆ, ಬಲಿಪೂಜೆ, ಈ ಜೂನ್ ಆರಂಭದಲ್ಲಿ ನಮ್ಮ ಮನೆಗೆ ಬಂದಿತ್ತು. ಪಾದ್ರಿಗಳು ಬರುವರೆಂದು ಇಲ್ಲಿ ಬಣ್ಣ ಕಾಣದ ವಸ್ತು ಉಳಿಯುವುದಿಲ್ಲ. ಗೇಟು, ಕೋಳಿಗೂಡು, ನೀರಿನ ತೊಟ್ಟಿ, ಕೊನೆಗೆ ಟ್ರ್ಯಾಕ್ಟರು. ಪಾದ್ರಿಗಳು ಅಡುಗೆಮನೆಯಲ್ಲಿ ಪೂಜೆ ಮುಗಿಸಿ, ಹ್ಯಾಮ್ ತಿಂದು, ಅಂಗಳದತ್ತ ಕಣ್ಣೆತ್ತಿಯೂ ನೋಡದೆ ಹೋದರು.

ಅಟ್ರಾಕ್ಟಾಳಿಗೆ ಹೇಳಿದೆ. ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು.

"ಅದರ ಉಸಿರು ಕಟ್ಟಿಸಿದ್ದು ನೀನೇ ಕಣೋ! ಪುಣ್ಯಕ್ಕೆ ಅವತ್ತು ನಾನು ಅಂಗಳದಲ್ಲಿ ನಿಂತಿರ್ಲಿಲ್ಲ. ನಂಗೂ ಎರಡು ಕೋಟ್ ಬಳೀತಿದ್ದೆ."

ದಬ್ಬಣ ಮಾತ್ರ ಅವಳೇ ತಂದುಕೊಟ್ಟಳು. ರಂಧ್ರ ಬಿಡಿಸಿದೆ. ನಲವತ್ತು ನಿಮಿಷ ಓಡಿಸಿದೆ... ನಿಲ್ಲಲಿಲ್ಲ.

ಜುಲೈ 13, ಶನಿವಾರ. ರಾತ್ರಿ 8

ಫೆಲಿಮ್ ಬೆಳಗಿನಿಂದ ನಮ್ಮ ಗೋಡೆಯ ಮೇಲೆ ಕುಳಿತಿದ್ದ. ಮೊದಲ ಹೇರು ಬಂತು. ಎರಡನೆಯದೂ ಬಂತು. ಮೂರನೆಯ ಸಲ ಸೇತುವೆಯ ಮೇಲೆ ಕೋಲ್ಮನ್ ಸೈಕಲ್ಲು ಅಡ್ಡ ಹಿಡಿದು ಮಾತಿಗೆಳೆದ. ದಾರಿಯಲ್ಲಿ ಸಿಕ್ಕವರೊಡನೆ ಇಂಜಿನು ಆರಿಸಿ ಮಾತಾಡುವುದು ಇಲ್ಲಿಯ ಮರ್ಯಾದೆ. ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಮುಟ್ಟಿಯೂ ಬಿಟ್ಟೆ. ತಡೆದುಕೊಂಡೆ!

"ಆರ್ಸೋ ಅದನ್ನ, ಏನೂ ಕೇಳಿಸ್ತಿಲ್ಲ!"

"ನಾಳೆ ಕೇಳಿಸ್ಕೋ!" ಎಂದು ಕೂಗಿ ಮುಂದೆ ನಡೆಸಿದೆ.

ಐದೂ ನಲವತ್ತಕ್ಕೆ ಅಂಗಳ. ಫೆಲಿಮ್ ಗೋಡೆಯಿಂದಿಳಿದು ಇಂಜಿನಿನ ಮೇಲೆ ಅಂಗೈಯಿಟ್ಟು ನೋಡಿದ. "ಬಿಸಿಯಾಗಿದೆ. ಆದ್ರೂ ಓಡ್ತಿದೆ. ಛೆ," ಎಂದ. ಉರುವಲು ಇಳಿಸಲು ಕೈಜೋಡಿಸಿದ. ಒಳ್ಳೆಯವನು.

ಜುಲೈ 14, ಭಾನುವಾರ. ಬೆಳಿಗ್ಗೆ 10

ರೇಡಿಯೋ ಹೇಳಿದ ಮಳೆ ಬರಲಿಲ್ಲ. ಹೆಂಚಿನವರೆಗೆ ಪೇರಿಸಿದ ಉರುವಲನ್ನು ಎರಡು ಬಾರಿ ಹೋಗಿ ನೋಡಿ ಬಂದೆ. ಹನ್ನೊಂದಕ್ಕೆ ಚರ್ಚು. ಕಾರು ಬೇಡವೆಂದಳು ಅಟ್ರಾಕ್ಟಾ. ಮದುವೆಯಾಗಿ ನಲವತ್ತೊಂದು ವರ್ಷಗಳಲ್ಲಿ ಆ ಟ್ರ್ಯಾಕ್ಟರಿನ ಮೇಲೆ ಒಮ್ಮೆಯೂ ಕೂರದವಳು! ಮಡ್‌ಗಾರ್ಡಿನ ಮೇಲೆ ಹಾಸಲು ಕಂಬಳಿ ಹುಡುಕುತ್ತೇನೆ ಎಂದು ಅಂಗಳಕ್ಕೆ ಹೋದಳು. ಒಂದು ಕಾಲಿಗಷ್ಟೇ ಬೂಟು ಹಾಕಿ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಇಂಜಿನು ಹೊತ್ತಿಕೊಂಡಿತು. ಗೇರು ಬಿದ್ದ ಸದ್ದು. ಅವಳಿಗೆ ಯಾರು ಕಲಿಸಿ —